ಮಾಸ್ಕೂ ಉಳೀಲಿ, ಜಡೆಯೂ ಉಳೀಲಿ

ಬಲಕಿವಿಯ ಹಿಂದೆ, ಎರಡು ಬೆರಳಗಲದ ಜಾಗದಲ್ಲಿ ಕೂದಲು ಗಿಡ್ಡವಾಗಿ ನೆಟ್ಟಗೆ ನಿಂತಿತ್ತು. ತಲೆ ಬಾಚುವಾಗ ಕೈಗೆ ತಾಕಿತು. ಮಗಳನ್ನು ಕರೆದು ತೋರಿಸಿದೆ. ಅವಳು ಫೋನಿನಲ್ಲಿ ಫೋಟೊ ತೆಗೆದು ಕೈಗೆ ಕೊಟ್ಟಳು. ಕಿವಿ ಹಿಂದಿನಿಂದ ಹೆಡತಲೆವರೆಗೂ ಅಡ್ಡಕ್ಕೆ ಒಂದು ಗೆರೆ. ಗೆರೆ ಉದ್ದಕ್ಕೂ ತುಂಡು ಕೂದಲು. ರಾತ್ರಿ ಉಸಿರಾಟಕ್ಕೆಂದು ನಾನು ಹಾಕಿಕೊಳ್ಳುವ ಮಾಸ್ಕಿನ ಕೆಳಪಟ್ಟಿ ಹಾದುಹೋಗುವುದು ಸರಿಯಾಗಿ ಅದೇ ದಾರಿಯಲ್ಲಿ.

ನನಗೆ ಸ್ಲೀಪ್ ಅಪ್ನಿಯಾ ಇದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಉಸಿರೇ ಇರುವುದಿಲ್ಲ. ಆಮೇಲೆ ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರು ವಾಪಸ್ ಬರುತ್ತದೆ. ಎಚ್ಚರವಾದದ್ದು ನಮಗೆ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು. ನಮ್ಮ ಮನೆಯವರು ಎಷ್ಟೋ ರಾತ್ರಿ ನನ್ನ ಎದೆ ಮೇಲೆ ಕೈಯಿಟ್ಟು ನೋಡುತ್ತಿದ್ದರಂತೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಈ ತೊಂದರೆ ಜಾಸ್ತಿಯಾಗುತ್ತದೆ ಅಂತ ಡಾಕ್ಟರು ಹೇಳಿದಾಗ, ಹಿಂದಿನ ಎರಡು ಮೂರು ವರ್ಷಗಳ ಬೆಳಗಿನ ತಲೆನೋವು, ಮಧ್ಯಾಹ್ನದ ತೂಕಡಿಕೆ ಎಲ್ಲದಕ್ಕೂ ಕಾರಣ ಸಿಕ್ಕಿತು.

ನಿದ್ದೆಯ ಪರೀಕ್ಷೆಗೆ ಹೋದ ರಾತ್ರಿಯೇ ಕೂದಲಿನ ವಿಷಯ ಶುರುವಾಗಿತ್ತು. ತಲೆಸ್ನಾನ ಮಾಡಿ, ಚೆನ್ನಾಗಿ ಒಣಗಿಸಿಕೊಂಡು, ಒಂದು ಹನಿ ಎಣ್ಣೆಯೂ ಇಲ್ಲದೆ ಬನ್ನಿ ಅಂದಿದ್ದರು. ಮಿದುಳಿನ ಅಲೆ ಹಿಡಿಯುವ ತಂತಿಗಳನ್ನು ನೆತ್ತಿ ಚರ್ಮಕ್ಕೆ ಅಂಟಿಸಬೇಕಲ್ಲ, ಎಣ್ಣೆ ಇದ್ದರೆ ಅವು ನಿಲ್ಲುವುದಿಲ್ಲ. ಟೆಕ್ನಿಷಿಯನ್ ಹುಡುಗಿ ಟೇಪು ಹಿಡಿದು ಅಳತೆ ಮಾಡಿ, ಬಾಚಣಿಗೆ ಹಿಡಿಯಿಂದ ಕೂದಲು ಬಿಡಿಸಿ ಒಂದೊಂದೇ ಅಂಟಿಸಿದಳು. ಸೊಂಟದ ಕೆಳಗೆ ಬರುವ ಕೂದಲು ನನ್ನದು. ಅವಳಿಗೆ ತುಂಬ ಹೊತ್ತು ಹಿಡಿಯಿತು. ಆದರೆ ಒಂದು ಸಲವೂ ಬೇಸರ ತೋರಿಸಲಿಲ್ಲ. ಬೆಳಗ್ಗೆ ಆ ಪೇಸ್ಟು ಒಣಗಿದ ದೋಸೆಹಿಟ್ಟಿನ ಹಾಗೆ ಬುಡಕ್ಕೆ ಹಿಡಿದುಕೊಂಡಿತ್ತು. ಬಿಸಿನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದೆ.

ರಿಪೋರ್ಟಿನಲ್ಲಿ ಗಂಟೆಗೆ 30ಕ್ಕಿಂತ ಜಾಸ್ತಿ ಅಂತ ಬಂತು. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ, ಇಲ್ಲವೇ ಅಷ್ಟು ಹೊತ್ತು ತೀರಾ ಕಮ್ಮಿಯಾದರೆ ಒಂದು ಲೆಕ್ಕ. ಗಂಟೆಗೆ 5ಕ್ಕಿಂತ ಕಮ್ಮಿ ಇದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಯಂತ್ರ ಮಾಸ್ಕಿನ ಮೂಲಕ ಗಾಳಿಯನ್ನು ಒಂದು ಹದದ ಒತ್ತಡದಲ್ಲಿ ತಳ್ಳುತ್ತದೆ, ಆ ಗಾಳಿಯೇ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಮೊದಲ ವಾರವೇ ನನ್ನ ತಲೆನೋವು ಹೋಯಿತು. ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇದ್ದದ್ದು ಪಟ್ಟಿಯ ಮೇಲೆ.

ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ನನ್ನದು. ಅದನ್ನು ಹಿಡಿದಿಡಲು ನಾಲ್ಕು ಪಟ್ಟಿ. ಎರಡು ಕಿವಿಯ ಮೇಲಿಂದ ತಲೆ ಹಿಂದಕ್ಕೆ ಹೋಗುತ್ತವೆ, ಎರಡು ಕಿವಿಯ ಕೆಳಗಿನಿಂದ ಹೆಡತಲೆಗೆ. ಪಟ್ಟಿಗಳ ತುದಿಯಲ್ಲಿ ವೆಲ್ಕ್ರೊ. ಉದ್ದ ಕೂದಲಿಗೆ ಆ ವೆಲ್ಕ್ರೊ ಎಂಥ ಶತ್ರು ಅಂತ ಇರುವವರಿಗೇ ಗೊತ್ತು. ಅದರ ಕೊಕ್ಕೆಗಳಿಗೆ ಕೂದಲು ಸಿಕ್ಕಿಕೊಂಡರೆ ಬಿಡಿಸುವುದಕ್ಕೆ ಆಗುವುದಿಲ್ಲ, ಎಳೆದು ಹರಿಯಬೇಕು ಅಷ್ಟೆ. ಇನ್ನು ತುರುಬು ಕಟ್ಟಿದರೆ ಪಟ್ಟಿ ತುರುಬಿನ ಮೇಲೆ ಏರಿ ಕೂರುತ್ತದೆ. ಮಗ್ಗುಲಾದಾಗ ಮಾಸ್ಕ್ ಸರಿದು ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಬೆಳಗ್ಗೆ ಕಣ್ಣು ಒಣಗಿ ಉರಿ. ಒಂದೇ ಜಡೆ ಹಾಕಿ ಬೆನ್ನ ಮೇಲೆ ಬಿಟ್ಟರೆ ಕೆಳಪಟ್ಟಿ ಜಡೆಯ ಮೇಲೆ ಬಂದು ರಾತ್ರಿಯಿಡೀ ಉಜ್ಜುತ್ತದೆ.

ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು, ಕತ್ತರಿಸಿಬಿಡಿ. ನಾದಿನಿ ಕಾಳಜಿಯಿಂದಲೇ ಕೇಳಿದಳು, "ಜೀವಕ್ಕಿಂತ ಕೂದಲು ದೊಡ್ಡದಾ ಅತ್ತಿಗೆ?"

ಅಲ್ಲ, ದೊಡ್ಡದಲ್ಲ. ಆದರೆ ಆ ಪ್ರಶ್ನೆ ಹಾಕುವ ರೀತಿಯೇ ನನಗೆ ಸರಿ ಕಾಣುವುದಿಲ್ಲ. ಈ ಚಿಕಿತ್ಸೆ ನಿಂತಿರುವುದು ಪ್ರತಿ ರಾತ್ರಿ ಮಾಸ್ಕ್ ಹಾಕಿಕೊಳ್ಳುವುದರ ಮೇಲೆ. ಮಾತ್ರೆಯ ಹಾಗೆ ನುಂಗಿ ಮರೆಯುವಂಥದ್ದಲ್ಲ. ದಿನಾ ಬೆಳಗ್ಗೆ ದಿಂಬಿನ ಮೇಲೆ ತುಂಡು ಕೂದಲು ನೋಡಿದರೆ ರಾತ್ರಿ ಮಾಸ್ಕಿಗೆ ಕೈ ಚಾಚುವಾಗ ಮನಸ್ಸು ಹಿಂದೆಗೆಯುತ್ತದೆ. ಇವತ್ತೊಂದು ದಿನ ಬೇಡ ಅನ್ನಿಸುತ್ತದೆ. ಹಾಗೆ ಮಾಸ್ಕ್ ಪಕ್ಕಕ್ಕಿಟ್ಟ ಹೆಂಗಸರು ಎಷ್ಟೋ ಜನ ಇರಬಹುದು, ಡಾಕ್ಟರ ಮುಂದೆ ಕೂದಲಿನ ಮಾತು ಎತ್ತುವುದಕ್ಕೂ ಅವರಿಗೆ ಸಂಕೋಚ. ಕೂದಲಿಗೆ ಒಂದು ದಾರಿ ಹುಡುಕುವುದೂ ಚಿಕಿತ್ಸೆಯ ಭಾಗವೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ದಾರಿ ಸಿಕ್ಕಿದ್ದು ನಮ್ಮ ಸೋದರತ್ತೆಯಿಂದ. ಅತ್ತೆ ಇರುವುದು ಮೈಸೂರಿನ ಅಗ್ರಹಾರದಲ್ಲಿ. ಮದುವೆ ಹೆಣ್ಣುಗಳಿಗೆ, ಭರತನಾಟ್ಯದ ಹುಡುಗಿಯರಿಗೆ ಮೊಗ್ಗಿನ ಜಡೆ ಹಾಕಿ ಹಾಕಿ ಅವರ ಕೈ ಪಳಗಿದೆ. ತಲೆಯ ಯಾವ ಜಾಗ ಭಾರ ತಡೆಯುತ್ತದೆ, ಎಲ್ಲಿ ಎಳೆದರೆ ನೋವಾಗುತ್ತದೆ ಅಂತ ಅವರಿಗೆ ಬೆರಳಲ್ಲೇ ಗೊತ್ತು. ಒಂದು ಭಾನುವಾರ ಯಂತ್ರ, ಮಾಸ್ಕ್ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆ.

ಅತ್ತೆ ಮೊದಲು ಕೇಳಿದ್ದು ಉದುರಿದ ಕೂದಲು. ದಿಂಬಿನಿಂದ ಆರಿಸಿ ಕಾಗದದಲ್ಲಿ ಕಟ್ಟಿಕೊಂಡು ಬಾ ಅಂದಿದ್ದರು. ಬಿಚ್ಚಿ ಕಿಟಕಿ ಹತ್ತಿರ ಹಿಡಿದು, ಒಂದೊಂದರ ತುದಿಯನ್ನೂ ಬೆರಳಲ್ಲಿ ಸವರಿದರು. "ಬುಡದಲ್ಲಿ ಬಿಳಿ ಗುಂಡು ಇಲ್ಲ ನೋಡೇ. ಇದು ಉದುರಿದ್ದಲ್ಲ, ಮುರಿದದ್ದು." ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ಅವಕ್ಕೆ ಬೇರಿನ ಕಡೆ ಆ ಪುಟ್ಟ ಗುಂಡು ಇರುತ್ತದೆ. ನನ್ನವು ಎರಡೂ ಕಡೆ ಮೊಂಡು. ಅಂದರೆ ಬೇರು ಗಟ್ಟಿಯಾಗಿದೆ, ಉಜ್ಜುವುದು ನಿಂತರೆ ಕೂದಲು ಮತ್ತೆ ಬೆಳೆಯುತ್ತದೆ. ತಿಂಗಳಿಗೆ ಹೆಚ್ಚೂಕಮ್ಮಿ 1 ಸೆಂಟಿಮೀಟರ್. ಅಷ್ಟು ಕೇಳಿದ್ದೇ ನನಗೆ ಅರ್ಧ ಸಮಾಧಾನ.

ಆಮೇಲೆ ಹಗಲು ಹೊತ್ತಲ್ಲೇ ಮಾಸ್ಕ್ ಹಾಕಿಸಿ, ಚಾಪೆ ಮೇಲೆ ಕೂರಿಸಿ, ನನ್ನ ಹಿಂದೆ ಕೂತರು. ಪಟ್ಟಿ ಎಲ್ಲೆಲ್ಲಿ ಹೋಗುತ್ತದೆ ಅಂತ ಬೆರಳಿಂದ ಗುರುತು ಮಾಡಿದರು. "ಕೆಳಗಿನ ಪಟ್ಟಿ ಕೂದಲ ಮೇಲೆ ಯಾಕೆ ಕೂರಬೇಕು? ಚರ್ಮದ ಮೇಲೆ ಕೂರಲಿ. ಕೂದಲು ಅದರ ಮೇಲೆ ಹೋಗಲಿ," ಅಂದರು. ಕೂದಲನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಮೇಲಕ್ಕೆತ್ತಿ ಹಿಡಿದರು. ಬರಿ ಹೆಡತಲೆಯ ಮೇಲೆ ಕೆಳಪಟ್ಟಿ ಕೂತಿತು. ನೆತ್ತಿಯ ಹಿಂಬದಿಯಲ್ಲಿ, ಮೇಲ್ಪಟ್ಟಿಗಿಂತ ಮೇಲೆ, ಬಟ್ಟೆ ಸುತ್ತಿದ ಅಗಲದ ಬ್ಯಾಂಡಿನಲ್ಲಿ ಕೂದಲನ್ನು ಸಡಿಲವಾಗಿ ಕಟ್ಟಿದರು. ಅಲ್ಲಿಂದ ಮೂರು ಕಾಲಿನ ಜಡೆ. ಮಲಗುವಾಗ ಜಡೆ ದಿಂಬಿನ ಆಚೆ, ಮಂಚದ ತಲೆ ಕಡೆಗೆ. ಬೆನ್ನ ಕೆಳಗೂ ಇಲ್ಲ, ಪಟ್ಟಿ ಕೆಳಗೂ ಇಲ್ಲ.

ಜಡೆ ಹೆಣೆದು ಮುಗಿದ ಮೇಲೆ ಅತ್ತೆ ಒಂದು ಕೆಲಸ ಮಾಡಿದರು. ಹಣೆ ಮೇಲೆ, ಕಿವಿ ಮುಂದೆ, ಹೆಡತಲೆಯಲ್ಲಿ ಬೆರಳ ತುದಿ ತೂರಿಸಿ ಕೂದಲನ್ನು ಚೂರು ಚೂರು ಸಡಿಲ ಬಿಟ್ಟರು. ಮೇಲಕ್ಕೆ ಬಿಗಿಯಾಗಿ ಎಳೆದು ಕಟ್ಟಿ ದಿನಾ ಮಲಗಿದರೆ ಅಂಚಿನ ಕೂದಲು ಬೇರುಸಮೇತ ತೆಳ್ಳಗಾಗುತ್ತಾ ಹೋಗುತ್ತದೆ. ನೃತ್ಯ ಕಲಿಯುವ ಹುಡುಗಿಯರ ಹಣೆ ಅಗಲವಾಗುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಹುಬ್ಬು ಮೇಲೆತ್ತಿದಾಗ ನೆತ್ತಿ ಎಳೆದ ಹಾಗೆ ಆಗಬಾರದು, ಅದು ಅವರ ಅಳತೆ.

ವೆಲ್ಕ್ರೊಗೆ ಉಪಾಯ ಮಾಸ್ಕಿನಲ್ಲೇ ಇತ್ತು. ಕೆಳಪಟ್ಟಿಗಳು ಮಾಸ್ಕಿಗೆ ಸೇರುವ ಕಡೆ ಎರಡು ಕ್ಲಿಪ್ ಇವೆ. ಪಟ್ಟಿಯ ಅಳತೆ ಒಂದು ಸಲ ಸರಿಮಾಡಿಕೊಂಡರೆ ವೆಲ್ಕ್ರೊ ಮುಟ್ಟುವುದೇ ಬೇಡ. ಕ್ಲಿಪ್ ಬಿಚ್ಚಿ ತೆಗೆಯುವುದು, ಕ್ಲಿಪ್ ಹಾಕಿ ಮಲಗುವುದು. ಅಳತೆ ಮಾಡುವಾಗ ಯಂತ್ರ ಚಾಲೂ ಇರಬೇಕು, ಮಲಗಿಕೊಂಡೇ ಮಾಡಬೇಕು. ಮಲಗಿದಾಗ ಮುಖದ ಆಕಾರ ಬದಲಾಗುತ್ತದೆ. ಗಾಳಿ ತುಂಬಿದಾಗ ಮಾಸ್ಕಿನ ಸಿಲಿಕಾನ್ ಅಂಚು ಉಬ್ಬಿ ಚರ್ಮಕ್ಕೆ ತಾನೇ ಕೂರುತ್ತದೆ. ತೀರಾ ಬಿಗಿ ಮಾಡಿದರೆ ಆ ಅಂಚು ಮಡಚಿಕೊಂಡು ಸೋರಿಕೆ ಜಾಸ್ತಿಯೇ ಆಗುತ್ತದೆ. ಬಿಗಿ ಕಮ್ಮಿಯಾದಷ್ಟೂ ಕೂದಲಿಗೂ ಒಳ್ಳೆಯದು, ಗಾಳಿಗೂ ಒಳ್ಳೆಯದು. ಈ ಯಂತ್ರವನ್ನು 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಅವರ ಜೊತೆಯವರು ಜಗತ್ತಿಗೆ ತಿಳಿಸಿದಾಗ ಈ ಪಟ್ಟಿಗಳೂ ಇರಲಿಲ್ಲ. ಶುರುವಿನ ರೋಗಿಗಳು ದಿನಾ ರಾತ್ರಿ ಮಾಸ್ಕನ್ನು ಮುಖಕ್ಕೆ ಅಂಟಿಸಿಕೊಂಡು ಮಲಗುತ್ತಿದ್ದರಂತೆ. ಅದನ್ನು ನೆನೆದರೆ ಒಂದು ಕ್ಲಿಪ್ಪಿನ ಬೆಲೆ ಗೊತ್ತಾಗುತ್ತದೆ.

ದಿಂಬಿಗೆ ಯಾವ ಬಟ್ಟೆ ಅಂತ ಸ್ವಲ್ಪ ಚರ್ಚೆ ಆಯಿತು. ಅತ್ತೆ ಹಳೇ ಮೈಸೂರು ಸಿಲ್ಕ್ ಸೀರೆ ತಂದರು. ಆದರೆ ಅದು ಕ್ರೇಪ್, ರೇಷ್ಮೆ ನೂಲನ್ನು ಹುರಿ ಮಾಡಿ ನೇಯ್ದದ್ದು, ಮುಟ್ಟಿದರೆ ಸಣ್ಣಗೆ ತರಿತರಿ. ಜರಿ ಅಂಚಂತೂ ಕೂದಲಿಗೆ ಬೇಡವೇ ಬೇಡ. ಕೊನೆಗೆ ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ನುಣುಪಾದ ಸ್ಯಾಟಿನ್ ಬಟ್ಟೆ ತಂದೆವು. ಕಾಟನ್ ದಿಂಬಿನ ಕವರು ಕೂದಲಿನ ತೇವ, ಎಣ್ಣೆ ಎರಡನ್ನೂ ಹೀರುತ್ತದೆ, ಮಗ್ಗುಲಾದಾಗ ಎಳೆಯುತ್ತದೆ. ಸ್ಯಾಟಿನ್ ಮೇಲೆ ಕೂದಲು ಜಾರುತ್ತದೆ. ಅತ್ತೆ ಅದೇ ಬಟ್ಟೆಯಲ್ಲಿ ಬೆರಳುದ್ದದ ಕೊಳವೆಗಳನ್ನೂ ಹೊಲಿದರು, ವೆಲ್ಕ್ರೊ ತುದಿ ಅದರೊಳಗೆ ಅಡಗಿಕೊಳ್ಳುವ ಹಾಗೆ. ಸ್ಯಾಟಿನ್ ಟೋಪಿ ಹಾಕಿ ಅದರ ಮೇಲೆ ಪಟ್ಟಿ ಕಟ್ಟಿ ನೋಡಿದೆವು. ಪಟ್ಟಿ ಜಾರಿತು, ಮಾಸ್ಕ್ ಸೋರಿತು. ಪಟ್ಟಿ ಮೊದಲು, ಟೋಪಿ ಮೇಲೆ ಅಂತ ಬದಲಿಸಿದ ಮೇಲೆ ಸರಿಹೋಯಿತು. ಚಳಿಗಾಲದಲ್ಲಿ ಹಾಗೇ ಮಲಗುತ್ತೇನೆ, ಬೇಸಿಗೆಯಲ್ಲಿ ಸೆಕೆ.

ಎಣ್ಣೆಯ ಹೊತ್ತು ಮಾತ್ರ ಬದಲಾಯಿಸಬೇಕಾಯಿತು. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬೆಳಗ್ಗೆ ಸೀಗೆಕಾಯಿ ಹಾಕಿ ಸ್ನಾನ ಮಾಡುವುದು ನಮ್ಮ ಮನೆಯ ರೂಢಿ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೇ ಇಳಿದು ಅದರ ಪ್ರೋಟೀನ್ ಹೋಗದಂತೆ ಕಾಪಾಡುತ್ತದೆ, ಬಿಡುವ ಮಾತೇ ಇಲ್ಲ. ಆದರೆ ಎಣ್ಣೆ ಸಿಲಿಕಾನ್ ಅಂಚಿಗೆ ತಾಗಿದರೆ ಮಾಸ್ಕ್ ಮುಖದ ಮೇಲೆ ನಿಲ್ಲುವುದಿಲ್ಲ, ಪಟ್ಟಿಯೂ ಬೇಗ ಹಾಳಾಗುತ್ತದೆ. ಈಗ ಭಾನುವಾರ ಬೆಳಗ್ಗೆ ಎದ್ದ ಕೂಡಲೇ ಎಣ್ಣೆ, ತಿಂಡಿಯಾದ ಮೇಲೆ ಸ್ನಾನ. ಸಂಜೆಯೊಳಗೆ ಪೂರ್ತಿ ಒಣಗಬೇಕು. ಒದ್ದೆ ಕೂದಲು ಹಿಗ್ಗಿ ಮೆತ್ತಗಾಗಿರುತ್ತದೆ, ಪಟ್ಟಿ ಕೆಳಗೆ ಸಿಕ್ಕರೆ ಬಹಳ ಸುಲಭವಾಗಿ ಮುರಿಯುತ್ತದೆ. ಮಾಸ್ಕಿನ ಅಂಚನ್ನು ದಿನಾ ಬೆಳಗ್ಗೆ ಮೃದು ಸೋಪಿನ ನೀರಲ್ಲಿ ತೊಳೆಯುತ್ತೇನೆ, ಪಟ್ಟಿಗಳನ್ನು ವಾರಕ್ಕೊಮ್ಮೆ ಕೈಯಲ್ಲೇ ಒಗೆದು ನೆರಳಲ್ಲಿ ಒಣಹಾಕುತ್ತೇನೆ.

ಅವತ್ತು ರಾತ್ರಿ ಅತ್ತೆ ಮನೆಯಲ್ಲೇ ಮಲಗಿದೆ. ನಡುರಾತ್ರಿ ಎದ್ದು ಪಟ್ಟಿ ಸರಿಮಾಡಿಕೊಳ್ಳುವ ಕೆಲಸ ಬರಲಿಲ್ಲ. ಬೆಳಗ್ಗೆ ಯಂತ್ರದ ಪರದೆಯಲ್ಲಿ ಮಾಸ್ಕ್ ಸರಿಯಾಗಿ ಕೂತಿದೆ ಅಂತ ಹಸಿರು ಗುರುತು ಬಂದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ದಿಂಬಿನ ಮೇಲೆ ಅಂಗೈ ಆಡಿಸಿದರು. ಒಂದೆರಡು ಎಳೆ ಸಿಕ್ಕಿದವು, ಅವುಗಳ ಬುಡದಲ್ಲಿ ಬಿಳಿ ಗುಂಡು ಇತ್ತು. "ಇದು ಸಹಜದ್ದು, ಬಿಡು," ಅಂದು ಕಾಫಿಗೆ ಇಟ್ಟರು.

ಮುಂದಿನ ತಪಾಸಣೆಗೆ ಹೋದಾಗ ಟೆಕ್ನಿಷಿಯನ್ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳು ಮಾಸ್ಕ್ ಹಾಕಿಸಿ, ಜಡೆ ಕಟ್ಟಿಸಿ, ಕತ್ತಿನಿಂದ ಮೇಲಕ್ಕೆ ಹಿಂದಿನ ಭಾಗದ ಫೋಟೊ ತೆಗೆದುಕೊಂಡಳು. ಸ್ವಲ್ಪ ದಿನ ಕಳೆದು ಫೋನ್ ಮಾಡಿ, "ಮೇಡಂ, ಒಬ್ಬರು ಟೀಚರ್ ಇದ್ದಾರೆ, ಕೂದಲಿಗೋಸ್ಕರ ಮಾಸ್ಕ್ ಬೇಡ ಅಂತಿದ್ದಾರೆ, ನೀವು ಸ್ವಲ್ಪ ಮಾತಾಡ್ತೀರಾ?" ಅಂದಳು. ಅವರನ್ನು ಸೀದಾ ಅತ್ತೆ ಮನೆಗೇ ಕರೆದುಕೊಂಡು ಹೋದೆ. ಅವರದ್ದು ದಟ್ಟ ಗುಂಗುರು ಕೂದಲು, ನೆತ್ತಿ ಮೇಲೆ ಕಟ್ಟಿದರೆ ಭಾರಕ್ಕೆ ತಲೆನೋವು. ಜೊತೆಗೆ ಅವರ ಮಾಸ್ಕಿನ ಕೊಳವೆ ನೆತ್ತಿಯಿಂದಲೇ ಹೊರಡುವ ಬಗೆಯದ್ದು, ಅಲ್ಲಿ ಜಡೆಗೆ ಜಾಗವೇ ಇಲ್ಲ. ಅತ್ತೆ ನಡು ಬೈತಲೆ ತೆಗೆದು, ಕಿವಿಗಳ ಹಿಂದೆ ಎರಡು ಸಡಿಲ ಜಡೆ ಹೆಣೆದು, ಅವನ್ನು ಪಟ್ಟಿಯ ಮೇಲಿಂದ ತಂದು ಎದೆಯ ಮೇಲೆ ಬಿಟ್ಟರು. ಟೀಚರ್ ಚಾಪೆ ಮೇಲೇ ಎರಡೂ ಮಗ್ಗುಲಿಗೆ ಹೊರಳಿ ನೋಡಿದರು. ಪಟ್ಟಿ ಅಲ್ಲಾಡಲಿಲ್ಲ. ಉಳಿದಿದ್ದ ಸ್ಯಾಟಿನ್ ಬಟ್ಟೆಯನ್ನು ಅವರಿಗೇ ಕೊಟ್ಟು ಕಳಿಸಿದೆವು.