ಗುಜರಿಯಲ್ಲಿ ಮೂಕಿ ಚಿತ್ರದ ರೀಲು ಸಿಕ್ಕಿದೆ, ಕೊಳ್ಳಬಹುದಾ?

ತುಮಕೂರು, ತಿಪಟೂರು ಕಡೆಯವರು ಪದೇ ಪದೇ ಕೇಳುತ್ತಾರೆ: "ಬಡವ-ಬಲ್ಲಿದರ ಪ್ರೇಮಕಥೆಯಂತೆ, ಮಾತಿಲ್ಲದ ಚಿತ್ರ. ಕೊಂಡುಬಿಡಲಾ?" 1931ರಲ್ಲಿ 'ಹಿಸ್ ಲವ್ ಅಫೇರ್' ಎಂಬ ಮೂಕಿ ಚಿತ್ರ ಮಾಡಿದ ಗುಬ್ಬಿ ವೀರಣ್ಣನವರ ಜಿಲ್ಲೆಯವರಿಗೆ ಇಂಥ ಆಸೆ ಸಹಜವೇ. ಆದರೆ ಮೊದಲು ಚಿತ್ರ ನೋಡಬೇಡಿ, ಅಂಚು ನೋಡಿ.

ಡಬ್ಬಿಯನ್ನು ಬಯಲಲ್ಲಿ, ನೆರಳಲ್ಲಿ ತೆರೆಯಿರಿ. 35 ಎಂಎಂ ಫಿಲ್ಮಿನ ತೂತುಗಳ ಪಕ್ಕ 'ನೈಟ್ರೇಟ್' ಅಥವಾ 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಹುಡುಕಿ. ನೈಟ್ರೇಟ್ ಎಂದರೆ ಬೇಗ ಹೊತ್ತಿಕೊಳ್ಳುವ ಹಳೆಯ ಫಿಲ್ಮು, ಸೇಫ್ಟಿ ಎಂದರೆ ಸುಲಭವಾಗಿ ಹೊತ್ತಿಕೊಳ್ಳದ್ದು. ಎರಡೂ ಇದ್ದರೆ ಬಹುಶಃ ನಕಲು ತೆಗೆಯುವಾಗ ಹಳೆಯ ಅಕ್ಷರವೂ ಇಳಿದುಬಂದಿದೆ. ಖಚಿತವಾಗುವವರೆಗೆ ನೈಟ್ರೇಟ್ ಎಂದೇ ತಿಳಿಯಿರಿ. ಅಂಚಿನಲ್ಲಿ ಫಿಲ್ಮು ತಯಾರಕ ಕೊಡಾಕ್ ಹಾಕುವ ವೃತ್ತ, ಚೌಕ, ತ್ರಿಕೋನದ ಗುರುತುಗಳು 20 ವರ್ಷಕ್ಕೊಮ್ಮೆ ಮರಳುತ್ತವೆ. ಅವು ಹೇಳುವುದು ಕಚ್ಚಾ ಫಿಲ್ಮಿನ ವರ್ಷ, ಚಿತ್ರದ್ದಲ್ಲ.

ನೈಟ್ರೇಟ್ ಉರಿಯುವಾಗ ತಾನೇ ಆಮ್ಲಜನಕ ಒದಗಿಸಿಕೊಳ್ಳುತ್ತದೆ, ನೀರಿಗೆ ಆರದು. ಜೇನಿನಂತೆ ಅಂಟಿ, ನೊರೆಯೆದ್ದು, ಕಂದು ಪುಡಿಯಾಗುವ ಹಂತ ತಲುಪಿದ್ದರೆ 40 ಡಿಗ್ರಿ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಹುದು. ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಅಟ್ಟ ಅಷ್ಟು ಕಾಯುತ್ತದೆ. ಮನೆಗೂ ತರಬೇಡಿ, ಬಸ್ಸಿಗೂ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ.

ಸೇಫ್ಟಿ ಫಿಲ್ಮಿಗೆ ಬೇರೆ ರೋಗ. ವಿನೆಗರ್‌ನ ಹುಳಿ ವಾಸನೆ ಬಂತೆಂದರೆ ಉಳಿದ ರೀಲುಗಳಿಂದ ದೂರವಿಡಿ, ಆ ಆವಿಯಿಂದ ಪಕ್ಕದ ರೀಲೂ ಕೆಡುತ್ತದೆ. ಕುಗ್ಗಿದೆಯೇ ಎಂದು ಅಳೆಯಿರಿ: 35 ಎಂಎಂನ ನೂರು ಚೌಕಟ್ಟು (ಫ್ರೇಮ್) 1.90 ಮೀಟರ್ ಇರಬೇಕು. 1.88 ಬಂದರೆ ಶೇಕಡ 1ರಷ್ಟು ಕುಗ್ಗಿದೆ. ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಚಕ್ರ ತೂತುಗಳನ್ನು ಹರಿಯುತ್ತದೆ. ಸ್ಕ್ಯಾನ್ ಮಾಡಿಸಿ.

ಇನ್ನು ರಸಾಸ್ವಾದ. ಅಂತಸ್ತಿನ ಕಥೆಯನ್ನು ಮೂಕಿ ಚಿತ್ರ ಹೊಸ್ತಿಲಲ್ಲಿ ತಡೆದ ಕಾಲಿನಲ್ಲಿ, ಸೆರಗಿಗೆ ಒರೆಸಿಕೊಂಡ ಕೈಯಲ್ಲಿ ಹೇಳುತ್ತದೆ. ಟಾಕಿ ಕಾಲದ ನಕಲಿನಲ್ಲಿ ಧ್ವನಿಪಟ್ಟಿಗೆ ಜಾಗ ಮಾಡಲು ಎಡ ಅಂಚನ್ನು ಕತ್ತರಿಸಿರುತ್ತಾರೆ. ಬಾಗಿಲ ಬಳಿ ನಿಂತ ಕೆಲಸದವಳು ಅಲ್ಲೇ ಮಾಯ. ಹಾಗಾಗಿ ಅಂಚಿನವರೆಗೂ ಚಿತ್ರವಿರುವ ಪ್ರತಿಗೆ ಹೆಚ್ಚು ಬೆಲೆ ಕೊಡಿ. ಬಣ್ಣವನ್ನೂ ಪರೀಕ್ಷಿಸಿ. ತೂತುಗಳ ಸುತ್ತಲೂ ನೀಲಿಯಿದ್ದರೆ ಫಿಲ್ಮಿಗೇ ಬಣ್ಣ ಕೊಟ್ಟಿದ್ದಾರೆ, ಸಾಮಾನ್ಯವಾಗಿ ರಾತ್ರಿಯ ದೃಶ್ಯ. ನೆರಳಷ್ಟೇ ನೀಲಿಯಾಗಿ ಬೆಳಕು ಬಿಳಿಯಾಗಿದ್ದರೆ ಅದು ಚಿತ್ರ ಮೂಡಿಸುವ ಬೆಳ್ಳಿಯನ್ನೇ ಮಾರ್ಪಡಿಸಿದ ಇನ್ನೊಂದು ವಿಧಾನ.

ವೇಗವೂ ಮುಖ್ಯ. ಸಾವಿರ ಅಡಿಯಲ್ಲಿ 16,000 ಚೌಕಟ್ಟು: ಸೆಕೆಂಡಿಗೆ 16ರಂತೆ ಸುಮಾರು 17 ನಿಮಿಷ, 24ರಂತೆ ಬರೀ 11. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಹೊಸ್ತಿಲಲ್ಲಿ ಆ ಕೆಲಸದವಳು ಹಿಂಜರಿದದ್ದು ಯಾರಿಗೂ ಕಾಣುವುದಿಲ್ಲ, ಎಡವಿದಂತೆ ಕಾಣುತ್ತದೆ. ನಡಿಗೆ ಮನುಷ್ಯರ ನಡಿಗೆಯಾಗುವವರೆಗೆ 16, 18, 20 ಎಂದು ಬದಲಿಸಿ ನೋಡಿ.