ಸೂರ್ಯ ಮುಳುಗದ ಊರಲ್ಲಿ ಪ್ರಾಣಿಗಳು ಯಾವಾಗ ಮಲಗ್ತವೆ ಅಂತ ಕೇಳುವವರಿಗೆ

ನಾನಿರುವುದು ನಾರ್ವೆಯ ಉತ್ತರ ಭಾಗದ ಟ್ರಾಮ್ಸೋ ಊರಿನಲ್ಲಿ. ರಜೆಗೆ ಹಾಸನಕ್ಕೆ ಬಂದರೆ ಚಪ್ಪಲಿ ಬಿಡುವ ಮೊದಲೇ ಯಾರಾದರೂ ಕೇಳುತ್ತಾರೆ. "ಅಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿಯಂತಲ್ಲ. ಪಾಪ, ಪ್ರಾಣಿಗಳಿಗೆ ಗೊಂದಲ ಆಗಲ್ವಾ? ಯಾವಾಗ ಮಲಗ್ತವೆ?" ನಿಂತಲ್ಲೇ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ, ಬೇರೆಯವರ ಮನೆಯ ಗೃಹಪ್ರವೇಶದಲ್ಲೂ ಹೇಳಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಆ ಆರು ತಿಂಗಳ ಲೆಕ್ಕ ಬಿಟ್ಟುಬಿಡಿ. ಅದು ಧ್ರುವದ ತುದಿಗೆ ಮಾತ್ರ ಸರಿ. ಟ್ರಾಮ್ಸೋದಲ್ಲಿ ಮೇ ಮೂರನೇ ವಾರದಿಂದ ಜುಲೈ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದಿಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಹುಟ್ಟುವುದಿಲ್ಲ. ಇನ್ನೂ ಮೇಲೆ, 78 ಡಿಗ್ರಿ ಅಕ್ಷಾಂಶದ ಆಸುಪಾಸಿನ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಎರಡೂ ಸುಮಾರು ನಾಲ್ಕು ನಾಲ್ಕು ತಿಂಗಳು. (ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲೇ ಇದೆ.) ಉಳಿದ ತಿಂಗಳುಗಳಲ್ಲಿ ಅಲ್ಲೂ ಬೆಳಗಾಗುತ್ತದೆ, ಕತ್ತಲಾಗುತ್ತದೆ.

ನನಗೆ ರೇಗುವುದು "ಗೊಂದಲ" ಅನ್ನುವ ಮಾತಿಗೆ. ಗೊಂದಲ ಆಗುವುದು ನಮಗೆ. ಜೂನ್ ತಿಂಗಳಲ್ಲಿ ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಹಾಕಿಕೊಂಡು ಮಲಗುವವರು ನಾವು. ಹಿಮಸಾರಂಗಗಳು ಸಾವಿರಾರು ವರ್ಷಗಳಿಂದ ಆ ಬೆಳಕಲ್ಲೇ ಹುಟ್ಟಿ, ಆ ಬೆಳಕಲ್ಲೇ ಮೇಯ್ದು ಬದುಕಿವೆ. ಅವುಗಳ ಮನೆಗೆ ಹೋಗಿ ಪಾಪ ಅನ್ನುವುದು ಯಾವ ನ್ಯಾಯ?

ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ. ಹೊರಗೆ ಬೆಳಕು ಇರಲಿ ಬಿಡಲಿ, ಸುಮಾರು 24 ಗಂಟೆಗೊಂದು ಸುತ್ತು ಹಾಕುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬಾತ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಗಿನ ಹೊತ್ತಿಗೆ ಅದು ತನ್ನಷ್ಟಕ್ಕೆ ಎಲೆ ಬಿಚ್ಚಿತು. ವಿಮಾನದಲ್ಲಿ ದೂರದ ದೇಶಕ್ಕೆ ಹೋದಾಗ ನಡುರಾತ್ರಿ ಹಸಿವಾಗುವುದೂ ಈ ಗಡಿಯಾರದ ಕೆಲಸವೇ.

ಹಿಮಸಾರಂಗ ಈ ಗಡಿಯಾರದ ಮಾತನ್ನು ಹೆಚ್ಚು ಕೇಳುವುದಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಾರಂಗಗಳ ಓಡಾಟವನ್ನು ಉಪಕರಣ ಕಟ್ಟಿ ದಾಖಲಿಸಿದ್ದರು. ಹಗಲು ರಾತ್ರಿ ಬೇರೆಬೇರೆ ಇರುವ ವಸಂತದಲ್ಲಿ, ಶರತ್ಕಾಲದಲ್ಲಿ ಅವು ದಿನದ ಲಯ ಹಿಡಿಯುತ್ತವೆ. ಸ್ವಾಲ್‌ಬಾರ್ಡಿನ ನಡುಬೇಸಿಗೆಯಲ್ಲಿ ಆ ಲಯ ಮಾಯ. ಕಗ್ಗತ್ತಲ ಚಳಿಗಾಲದಲ್ಲೂ ಇಲ್ಲ. 2010ರಲ್ಲಿ ಇನ್ನೊಂದು ತಂಡ ಮೆಲಟೋನಿನ್ ಅಳೆಯಿತು. ಕತ್ತಲ ಹೊತ್ತಲ್ಲಿ ಮೈಯಲ್ಲಿ ಏರುವ ರಾಸಾಯನಿಕ ಅದು. ನಮ್ಮಲ್ಲಿ ಅದು ಒಳಗಿನ ಗಡಿಯಾರದ ಪ್ರಕಾರ ಏರಿಳಿಯುತ್ತದೆ. ಸಾರಂಗದಲ್ಲಿ ಹಾಗಲ್ಲ. ದೀಪ ಆರಿಸಿದರೆ ಏರಿತು, ಹಾಕಿದರೆ ಇಳಿಯಿತು, ಅಷ್ಟೇ. ಅದರ ಚರ್ಮದ ಜೀವಕೋಶಗಳನ್ನು ಬೆಳೆಸಿ ನೋಡಿದಾಗಲೂ ಗಡಿಯಾರದ ಜೀನ್‌ಗಳು ನಮ್ಮ ಕೋಶಗಳಲ್ಲಿ ತಿರುಗುವಷ್ಟು ಬಲವಾಗಿ ತಿರುಗುತ್ತಿರಲಿಲ್ಲ.

ಒಂದು ಮದುವೆ ಊಟದಲ್ಲಿ ಇದನ್ನೇ ಹೇಳಲು ಕೂತಿದ್ದೆ. ಪಕ್ಕದ ಎಲೆಯಲ್ಲಿ ದೊಡ್ಡಪ್ಪ. ಎಂದಿನ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಕೊಟ್ಟರು. "ಆರು ತಿಂಗಳು ಕತ್ತಲು ಅಂದ್ಮೇಲೆ ಬಿದ್ಕೊಂಡಿರ್ತವೆ ಬಿಡಮ್ಮ. ಪುಣ್ಯವಂತವು!" ಸಾಲಿನವರೆಲ್ಲ ನಕ್ಕರು. ಸಾರು ಬಂತು, ಮಾತು ಮುಗಿಯಿತು. ಆಗ ಎದುರು ಸಾಲಿನಿಂದ ನಮ್ಮ ಸೋದರತ್ತೆ ಕೇಳಿದರು. "ಅದ್ಸರಿ ಕಣೇ, ಮೇಯೋದು ಯಾವಾಗ, ಮೆಲುಕು ಹಾಕೋದು ಯಾವಾಗ?"

ಅತ್ತೆ ಜೀವನವಿಡೀ ದನ ಕಟ್ಟಿದವರು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಅದು. ಸಾರಂಗದ ದಿನ ನಡೆಯುವುದೇ ಹಾಗೆ. ಹೊಟ್ಟೆ ತುಂಬ ಮೇಯಬೇಕು, ಮಲಗಿ ಮೆಲುಕು ಹಾಕಬೇಕು, ಹೊಟ್ಟೆ ಖಾಲಿಯಾದರೆ ಮತ್ತೆ ಏಳಬೇಕು. ಕೆಲವು ಗಂಟೆಗಳ ಈ ಸುತ್ತು ಇಡೀ ದಿನ ನಡೆಯುತ್ತಲೇ ಇರುತ್ತದೆ. ಬೇಸಿಗೆಯ ಹಸಿರು ಇರುವುದು ಸ್ವಲ್ಪವೇ ವಾರ. ಅಷ್ಟರಲ್ಲಿ ಚಳಿಗಾಲಕ್ಕೆ ಬೇಕಾದ ಕೊಬ್ಬು ಕೂಡಿಸಬೇಕು. ಬೆಳಕಿದ್ದೂ "ಈಗ ರಾತ್ರಿ" ಅಂತ ಎಂಟು ಗಂಟೆ ಸುಮ್ನೆ ಮಲಗಿದರೆ ನಷ್ಟ ಯಾರಿಗೆ?

ಟ್ರಾಮ್ಸೋ ಪಕ್ಕದ ಕ್ವಾಲೋಯಾ ದ್ವೀಪದಲ್ಲಿ ರಸ್ತೆ ಬದಿಯಲ್ಲೇ ಇವು ಸಿಗುತ್ತವೆ. ಜೂನ್‌ನ ಒಂದು ರಾತ್ರಿ ಹನ್ನೊಂದು ದಾಟಿದ ಮೇಲೆ, ಬಿಸಿಲಿನಲ್ಲಿ, ಕಾರು ನಿಲ್ಲಿಸಿ ಒಂದು ಹೆಣ್ಣನ್ನು ನೋಡುತ್ತಿದ್ದೆ. ಕಾಲು ಮಡಚಿ ಮಲಗಿತ್ತು. ಕತ್ತಿನ ಕೆಳಗಿನಿಂದ ಒಂದು ಉಂಡೆ ಮೇಲಕ್ಕೆ ಜಾರಿ ಬಂತು. ದವಡೆ ಒಂದೇ ಪಕ್ಕಕ್ಕೆ ಅರೆಯತೊಡಗಿತು. ಕಣ್ಣು ಅರ್ಧ ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ದವಡೆ ನಿಂತಿತು, ಉಂಡೆ ಕೆಳಗಿಳಿಯಿತು, ಇನ್ನೊಂದು ಬಂತು. ಪಕ್ಕದಲ್ಲೇ ಲಾರಿ ಹೋದರೂ ಕಿವಿಯಷ್ಟೇ ಅಲುಗಿತು.

ಅದು ಮೆಲುಕು ಹಾಕುತ್ತಿತ್ತೋ, ನಿದ್ದೆ ಮಾಡುತ್ತಿತ್ತೋ? ಎರಡೂ ಇರಬಹುದು. ಟ್ರಾಮ್ಸೋದಲ್ಲೇ ನಾಲ್ಕು ಹೆಣ್ಣು ಸಾರಂಗಗಳ ಮೆದುಳಿನ ಅಲೆಗಳನ್ನು ಅಳೆದ ಅಧ್ಯಯನ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮೆಲುಕು ಹಾಕುವಾಗ ಅವುಗಳ ಮೆದುಳಿನ ಅಲೆಗಳು ಗಾಢ ನಿದ್ದೆಯ ಅಲೆಗಳನ್ನೇ ಹೋಲುತ್ತಿದ್ದವು. ಜಾಸ್ತಿ ಮೆಲುಕು ಹಾಕಿದ್ದರೆ ಆಮೇಲಿನ ನಿದ್ದೆಯ ಅಗತ್ಯ ಕಡಿಮೆ. ಬೇಸಿಗೆಯಲ್ಲಿ ಓಡಾಟ ಹೆಚ್ಚಿದ್ದರೂ ಒಟ್ಟು ನಿದ್ದೆ ಚಳಿಗಾಲದಷ್ಟೇ ಇತ್ತು. ಇದನ್ನು ಓದಿದ ದಿನವೇ ಅತ್ತೆಗೆ ಫೋನ್ ಮಾಡಿದೆ. "ನಮ್ಮ ಹಸುನೂ ಹಂಗೇ ತೂಕಡಿಸುತ್ತೆ, ಅದಕ್ಕೆ ಮಿಷನ್ ಬೇಕಾ?" ಅಂದರು.

ಹಾಗಂತ ಅಲ್ಲಿನ ಎಲ್ಲ ಜೀವಿಗಳೂ ಗಡಿಯಾರ ಬಿಟ್ಟಿಲ್ಲ. ಅಲಾಸ್ಕಾದ ನೆಲ ಅಳಿಲು ಸೂರ್ಯ ಮುಳುಗದ ದಿನಗಳಲ್ಲೂ ಹೊತ್ತಿಗೆ ಸರಿಯಾಗಿ ಬಿಲದಿಂದ ಬರುತ್ತದೆ, ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತದೆ. ಅದರ ಮೈ ಬಿಸಿಯೂ 24 ಗಂಟೆಯ ಲಯದಲ್ಲೇ ಏರಿಳಿಯುತ್ತದೆ. ಸಣ್ಣ ಮೈಯಿನ ಪ್ರಾಣಿಗೆ ಹೊರಗಿನ ಬೆಚ್ಚನೆ ಹೊತ್ತು ಮುಖ್ಯ. ಚಳಿಗಾಲದ ದೀರ್ಘ ನಿದ್ದೆಯಲ್ಲಿ, ಮೈ ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಾದಾಗ ಮಾತ್ರ ಆ ಲಯ ಕಾಣುವುದಿಲ್ಲ.

ಯಾರಾದರೂ ನನ್ನನ್ನು ಕೇಳಬೇಕಾದ್ದು ಇದನ್ನು: ಒಂದೇ ಬೆಳಕಿನ ಕೆಳಗೆ ಅಕ್ಕಪಕ್ಕದಲ್ಲಿರುವ ಪ್ರಾಣಿಗಳು ಒಂದೊಂದು ಒಂದೊಂದು ಹೊತ್ತನ್ನು ಯಾಕೆ ಪಾಲಿಸುತ್ತವೆ?

ಅಲಾಸ್ಕಾದ ತುತ್ತತುದಿಯ ಉಟ್ಕಿಯಾಗ್‌ವಿಕ್‌ನಲ್ಲಿ, ಹಿಂದೆ ಬ್ಯಾರೋ ಅನ್ನುತ್ತಿದ್ದ ಊರಿನಲ್ಲಿ, ನಾಲ್ಕು ಜಾತಿಯ ಹಕ್ಕಿಗಳಿಗೆ ರೇಡಿಯೋ ಕಟ್ಟಿ ನೋಡಿದ್ದಾರೆ. ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿ ನಡುರಾತ್ರಿಯ ಬಿಸಿಲಲ್ಲೂ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಚಳಿಗಾಲದಲ್ಲಿ ನಮ್ಮ ಕೆರೆಯಂಚಿಗೆ ಬರುವ ಗೊರವಗಳ ಬಳಗದ ಪೆಕ್ಟೊರಲ್ ಸ್ಯಾಂಡ್‌ಪೈಪರ್‌ನ ಗಂಡಿಗೆ ಹೊತ್ತುಗೊತ್ತೇ ಇಲ್ಲ. ಅದು ಮೊಟ್ಟೆಗೆ ಕಾವು ಕೊಡುವುದಿಲ್ಲ. ಹೆಣ್ಣುಗಳ ಹಿಂದೆ ಸುತ್ತುವುದು, ಇತರ ಗಂಡುಗಳನ್ನು ಓಡಿಸುವುದು, ಇಷ್ಟೇ ಅದರ ಕೆಲಸ. ಒಂದು ಗಂಡು 19 ದಿನಗಳ ಕಾಲ ಶೇಕಡ 95ಕ್ಕಿಂತ ಜಾಸ್ತಿ ಸಮಯ ಚಟುವಟಿಕೆಯಿಂದ ಇತ್ತು ಅಂತ 2012ರ ಅಧ್ಯಯನ ಹೇಳುತ್ತದೆ. ಅತಿ ಕಡಿಮೆ ಮಲಗಿದ ಗಂಡುಗಳಿಗೇ ಮರಿಗಳೂ ಹೆಚ್ಚು.

ಅದೇ ಜಾತಿಯ ಹೆಣ್ಣು ಕಾವಿಗೆ ಕೂತರೆ ದಿನದ ಲಯ ಬಂದೇ ಬರುತ್ತದೆ. ತಂಪು ಹೆಚ್ಚಾದ ರಾತ್ರಿ ಹೊತ್ತಲ್ಲಿ ಮೊಟ್ಟೆ ಬಿಟ್ಟು ಏಳುವಂತಿಲ್ಲ. ಬಿಸಿಲೇರಿದ ಮೇಲೆ ಮೇವಿಗೆ ಹೋಗಬೇಕು. ರೆಡ್ ಫ್ಯಾಲರೋಪ್ ಎಂಬ ಮೂರನೇ ಹಕ್ಕಿಯಲ್ಲಿ ಕಾವು ಕೊಡುವುದು ಗಂಡು, ಹಾಗಾಗಿ ಅಲ್ಲಿ ಲಯ ಹಿಡಿಯುವುದೂ ಗಂಡೇ. ಅದೇ ಸೂರ್ಯ, ಅದೇ ಜೌಗು ನೆಲ!

ಇನ್ನು ನಾಲ್ಕನೇ ಹಕ್ಕಿ, ಸೆಮಿಪಾಮೇಟೆಡ್ ಸ್ಯಾಂಡ್‌ಪೈಪರ್. ಗಂಡ ಹೆಂಡತಿ ಇಬ್ಬರೂ ಪಾಳಿ ಹಾಕಿಕೊಂಡು ಕಾವು ಕೊಡುತ್ತಾರೆ. ಅವರ ಪಾಳಿ 24 ಗಂಟೆಗೆ ಅಂಟಿಕೊಂಡಿಲ್ಲ, ದಿನದಿಂದ ದಿನಕ್ಕೆ ಸರಿಯುತ್ತದೆ. ಹೀಗೆ ಪಾಳಿ ಹಂಚಿಕೊಳ್ಳುವ 32 ಜಾತಿಗಳ 729 ಗೂಡುಗಳ ಲೆಕ್ಕ 2016ರಲ್ಲಿ ಬಂತು. ಕೆಲವು ಜೋಡಿಗಳ ಸುತ್ತು 6 ಗಂಟೆಯದು, ಕೆಲವರದು 43 ಗಂಟೆಯದು. ಹಸಿವಿನಿಂದ ಈ ವ್ಯತ್ಯಾಸ ಬಂದಿರಬಹುದು ಅಂತ ನೋಡಿದರು, ಅದು ಹೊಂದಲಿಲ್ಲ. ಹೊಂದಿದ್ದು ಶತ್ರುವಿನ ಭಯ. ಪಾಳಿ ಬದಲಾಗುವಾಗಲೆಲ್ಲ ಗೂಡಿನ ಜಾಗ ನರಿಯ ಕಣ್ಣಿಗೆ ಬೀಳಬಹುದು. ಹುಲ್ಲಿನ ಬಣ್ಣದಲ್ಲಿ ಅಡಗಿ ಕೂರುವ ಜಾತಿಗಳು ಅದಕ್ಕೇ ಗಂಟೆಗಟ್ಟಲೆ ಏಳುವುದಿಲ್ಲ. ಶತ್ರುವನ್ನು ಎದುರಿಸಿ ಬೇರೆ ಕಡೆ ಸೆಳೆಯುವ ಜಾತಿಗಳು ಪದೇಪದೇ ಪಾಳಿ ಬದಲಿಸುತ್ತವೆ. ಇದರ ಬಗ್ಗೆ ಕೇಳಿ. ಎಲೆ ಎತ್ತುವವರು ಬಂದು ನಿಂತರೂ ಹೇಳುತ್ತಲೇ ಇರುತ್ತೇನೆ.