ಉಪ್ಪು ಏರಿದ ತೊಟ್ಟಿ

ತಪ್ಪು ನನ್ನದೇ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಂತ ಮೂರು ತೊಟ್ಟಿಗಳಲ್ಲಿ ಕಡಲಹುಲ್ಲು ಬೆಳೆಸಿದ್ದೆ. ಜಾಸ್ಟೆರಾ ಮರೀನಾ ಅನ್ನೋ ಜಾತಿ. ನೀರು ಗೆರೆಯಿಂದ ಕೆಳಗಿಳಿದಾಗಲೆಲ್ಲ ಕ್ಯಾನಿನಲ್ಲಿದ್ದ ಸಮುದ್ರದ ನೀರನ್ನೇ ಸುರಿದು ಗೆರೆ ಮುಟ್ಟಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇದು ನನಗೂ ಗೊತ್ತಿತ್ತು, ಆದರೆ ಸುರಿಯುವ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ಐದನೇ ವಾರ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ಬಿಟ್ಟು ನೋಡಿದರೆ 44! ಇರಬೇಕಾದದ್ದು 35, ಅಂದರೆ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪು.

ಹುಲ್ಲು ಸತ್ತಿರಲಿಲ್ಲ. ಹಳೆಯ ಎಲೆಗಳ ತುದಿ ಕಂದು ತಿರುಗಿತ್ತು ಅಷ್ಟೆ. ಆದರೆ ಬೆಳವಣಿಗೆ ಅಳೆಯಲು ನಾವು ಎಲೆಯ ಬುಡದಲ್ಲಿ ಸೂಜಿಯಿಂದ ಒಂದು ತೂತು ಚುಚ್ಚಿರುತ್ತೇವೆ. ಎಲೆ ಬುಡದಿಂದ ಬೆಳೆಯುವುದರಿಂದ ತೂತು ದಿನದಿನಕ್ಕೂ ಮೇಲೇರಬೇಕು. ನನ್ನ ತೂತುಗಳು ಇದ್ದಲ್ಲೇ ಇದ್ದವು.

ಯಾಕೆ ಅಂತ ಓದುತ್ತಾ ಕೂತೆ. ಇದು ಪಾಚಿ ಅಲ್ಲ, ನೆಲದಿಂದ ಕಡಲಿಗೆ ವಾಪಸ್ ಹೋದ ಹೂಬಿಡುವ ಗಿಡ. ಕೆಲವು ಮ್ಯಾಂಗ್ರೋವ್‌ಗಳ ಹಾಗೆ ಎಲೆಯಿಂದ ಉಪ್ಪು ಹೊರಹಾಕುವ ಗ್ರಂಥಿ ಇದಕ್ಕಿಲ್ಲ. ಸುತ್ತ ಉಪ್ಪು ಹೆಚ್ಚಿದರೆ ಜೀವಕೋಶದೊಳಗಿನ ನೀರು ಹೊರಗೆ ಸೋರುತ್ತದೆ. ಅದನ್ನು ತಡೆಯಬೇಕಾದರೆ ಒಳಗೂ ಏನಾದರೂ ಕರಗಿರಬೇಕು, ಅಲ್ವಾ? ಪುಕ್ಕಟೆ ಸಿಗುವುದು ಸೋಡಿಯಂ ಮತ್ತು ಕ್ಲೋರೈಡ್. ಅವನ್ನು ಎಳೆದುಕೊಂಡು ರಸದಾನಿಯಲ್ಲಿ, ಅಂದರೆ ಜೀವಕೋಶದೊಳಗಿನ ರಸದ ಚೀಲದಲ್ಲಿ, ಕೂಡಿಹಾಕುತ್ತದೆ. ಇದು ಬೇಗ ಆಗುವ ಕೆಲಸ.

ತೊಂದರೆ ಇರುವುದು ರಸದಾನಿಯ ಹೊರಗೆ. ಕೋಶದ್ರವದಲ್ಲಿ ಸೋಡಿಯಂ ಜಾಸ್ತಿಯಾದರೆ ಕಿಣ್ವಗಳು ಕೆಡುತ್ತವೆ. ಹಾಗಾಗಿ ಅಲ್ಲಿಂದ ಅದನ್ನು ಹೊರದಬ್ಬುತ್ತಲೇ ಇರಬೇಕು. ಬದಲಿಗೆ ಪೊಟ್ಯಾಸಿಯಂ ಇಟ್ಟುಕೊಳ್ಳಬೇಕು. ಜೊತೆಗೆ ಸಕ್ಕರೆ, ಪ್ರೋಲೀನ್ ಅನ್ನೋ ಅಮೈನೋ ಆಮ್ಲದಂಥವನ್ನು ಸ್ವಂತ ಖರ್ಚಿನಲ್ಲಿ ತಯಾರಿಸಿ ತುಂಬಬೇಕು. ಅದಕ್ಕೆ ದಿನಗಟ್ಟಲೆ ಬೇಕು, ಇಂಗಾಲ ಬೇಕು, ಸಾರಜನಕ ಬೇಕು. ಹೊಸ ಎಲೆಗೆ ಹೋಗಬೇಕಾದ ಬಂಡವಾಳವೆಲ್ಲ ಇಲ್ಲೇ ಕರಗುತ್ತದೆ. ‘ಉಪ್ಪು ಇಷ್ಟಪಡುವ ಗಿಡ’ ಅಂತ ಬರೆಯುವವರನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ. ಇಷ್ಟ ಎಲ್ಲಿಯದು, ನಿಭಾಯಿಸುತ್ತಿದೆ ಅಷ್ಟೆ.

ನಿಭಾಯಿಸುವ ಶಕ್ತಿಯೂ ಎಲ್ಲಕ್ಕೂ ಒಂದೇ ಅಲ್ಲ. ನನ್ನ ಜಾತಿಯದೇ ಹುಲ್ಲು ಬಾಲ್ಟಿಕ್ ಸಮುದ್ರದಲ್ಲಿ 6ರ ಆಸುಪಾಸಿನ ಸಪ್ಪೆ ನೀರಲ್ಲೂ ಇದೆ. ಮೆಡಿಟರೇನಿಯನ್ನಿನ ಪೊಸಿಡೋನಿಯಾ ಓಷಿಯಾನಿಕಾ ಅನ್ನೋ ಕಡಲಹುಲ್ಲು ಮಾತ್ರ ಬಲು ನಾಜೂಕು. ಉಪ್ಪುನೀರನ್ನು ಸಿಹಿ ಮಾಡುವ ಘಟಕಗಳು ಬಿಡುವ ಗಟ್ಟಿ ಉಪ್ಪುನೀರಿನಿಂದ ಉಪ್ಪಿನಂಶ ಸ್ವಲ್ಪ ಏರಿದರೂ ಅದು ಸೊರಗುತ್ತದೆ.

ಡಿಸ್ಟಿಲ್ಡ್ ವಾಟರ್ ಸುರಿದು ಒಂದೇ ಸಲಕ್ಕೆ 35ಕ್ಕೆ ಇಳಿಸಲು ಹೊರಟಿದ್ದೆ. ನಮ್ಮ ಗೈಡ್ ಮೇಡಂ ಕೈ ಹಿಡಿದು ನಿಲ್ಲಿಸಿದರು. “ಒಳಗೆ ಉಪ್ಪು ತುಂಬಿಕೊಂಡು ಕೂತಿದೆ ಕಣಮ್ಮ. ಈಗ ಸಪ್ಪೆ ನೀರು ಸುರಿದರೆ ನೀರೆಲ್ಲ ಒಳಗೆ ನುಗ್ಗುತ್ತೆ. ತುಂಬಿಕೊಂಡಿದ್ದನ್ನ ಹೊರಗೆ ಹಾಕೋಕೂ ಅದಕ್ಕೆ ಟೈಮ್ ಬೇಕು.” ಹಾಗಾಗಿ ದಿನಕ್ಕೆ ಒಂದೇ ಅಂಕ. ಒಂಬತ್ತು ದಿನ, ಮೂರು ತೊಟ್ಟಿ, ಒಂದು ಮಗ್ಗು. ಹೊಸದಾಗಿ ತೂತು ಚುಚ್ಚಿಟ್ಟೆ.

ಎರಡನೇ ತೊಟ್ಟಿಯ ಎರಡು ಗಿಡ ಉಳಿಯಲಿಲ್ಲ. ಉಳಿದವುಗಳಲ್ಲಿ ಹನ್ನೆರಡನೇ ದಿನ ಸ್ಕೇಲ್ ಇಟ್ಟು ನೋಡಿದೆ. ತೂತು ಒಂದು ಬೆರಳಿನಗಲ ಮೇಲೆ ಬಂದಿತ್ತು.